ಬಸಣ್ಣನವರ ಹಿಮ್ಮಡಿ

ತಪ್ಪು ನನ್ನದೇ. ಇಟ್ಟಿಗಿಯ ಶೇಂಗಾ ವ್ಯಾಪಾರಿ ಬಸಣ್ಣನವರ ನಡಿಗೆಯನ್ನು ಚಹಾದಂಗಡಿಯ ಮುಂದೆ ಅಣಕಿಸಿದವನು ನಾನು. ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದರು. ಸಂಜೆಯೊಳಗೆ ಆ ವಿಡಿಯೊ ಬಸಣ್ಣನವರ ಕೈಗೇ ತಲುಪಿತ್ತು.

ಮೂರು ವರ್ಷದ ಹಿಂದಿನ ಮಾತು. ಹೃದ್ರೋಗಕ್ಕೆ ಕಾರಣವಾಗುವ ಜೀನ್‌ಗಳನ್ನು ಹುಡುಕುವ ಸಂಶೋಧನಾ ತಂಡವೊಂದರಲ್ಲಿ ನಾನು ಲ್ಯಾಬ್ ಟೆಕ್ನಿಷಿಯನ್. ಕೂಡ್ಲಿಗಿಯಿಂದ ಹರಪನಹಳ್ಳಿವರೆಗೆ ಐದು ತಾಲ್ಲೂಕು ಸುತ್ತಿ ರಕ್ತ ತೆಗೆಯುವುದು ಕೆಲಸ, ಸಿಕ್ಕವರನ್ನೆಲ್ಲ ಅಣಕಿಸುವುದು ಚಟ. ನಮ್ಮ ಡಾಕ್ಟರ್ ಮೇಡಂ ಕನ್ನಡಕ ಮೇಲೇರಿಸುವ ರೀತಿ ನನಗೆ ಅವರಿಗಿಂತ ಚೆನ್ನಾಗಿ ಬರುತ್ತದೆ. ನನ್ನನ್ನು ಅಣಕಿಸುವ ಕಷ್ಟ ಮಾತ್ರ ಯಾರಿಗೂ ಬೇಡ. ಆ ಕೆಲಸವನ್ನು ನನ್ನ ಕೀರಲು ದನಿಯೇ ಮಾಡುತ್ತದೆ.

ಬಸಣ್ಣನವರ ತಮ್ಮ ಕೊಟ್ರೇಶನಿಗೆ ಮೂವತ್ತಾರಕ್ಕೇ ಹೃದಯಾಘಾತವಾಗಿತ್ತು. ಬೀಡಿ ಇಲ್ಲ, ಬೊಜ್ಜಿಲ್ಲ. ನೂರರ ಆಸುಪಾಸಿನಲ್ಲಿರಬೇಕಾದ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, ಮುನ್ನೂರ ಹತ್ತು. ರಕ್ತದಲ್ಲಿನ ಎಲ್‌ಡಿಎಲ್ ಅನ್ನು ಲಿವರ್ ಎಳೆದುಕೊಳ್ಳಲು ಬೇಕಾದ ಜೀನ್‌ನಲ್ಲಿ ಅವನಿಗೆ ಹುಟ್ಟಿನಿಂದಲೇ ದೋಷವಿತ್ತು. ಒಡಹುಟ್ಟಿದವರಲ್ಲೂ ಅದು ಇರುವ ಸಾಧ್ಯತೆ ಅರ್ಧಕ್ಕರ್ಧ. ಬೇಗ ಗೊತ್ತಾದರೆ ಮಾತ್ರೆಯಿಂದ ಹತೋಟಿಗೆ ತರಬಹುದು. ಹಾಗಾಗಿ ಮನೆಯವರೆಲ್ಲರ ರಕ್ತ ಬೇಕಿತ್ತು. ವಿಡಿಯೊ ನೋಡಿದ ಬಸಣ್ಣ ಬಾಗಿಲು ಹಾಕಿಸಿ ಒಳಗಿಂದಲೇ ಹೇಳಿದರು: “ನನ್ನ ಕಾಲು ನೋಡಿ ನಕ್ಕವನಿಗೆ ನಮ್ಮ ಮನಿ ರಕ್ತ ಒಂದು ಹನಿ ಸಿಗಂಗಿಲ್ಲ.”

ಬೈಯಲು ಕರೆದ ಮೇಡಂ ಆ ವಿಡಿಯೊವನ್ನು ಮೂರು ಸಲ ನೋಡಿದರು. ಅದರಲ್ಲಿ ನಾನು ಚಪ್ಪಲಿಯ ಹಿಂದಿನ ಪಟ್ಟಿ ಕತ್ತರಿಸಿಕೊಂಡು, ಹಿಮ್ಮಡಿ ಎಳೆಯುತ್ತ ನಡೆದಿದ್ದೆ.

“ಪಟ್ಟಿ ಯಾಕೆ ಕತ್ತರಿಸಿದೆ?”

“ಅವರೂ ಕತ್ತರಿಸ್ಯಾರ್ರಿ. ಹಿಮ್ಮಡಿ ಮ್ಯಾಲೆ ಗಂಟು ಅದಾವ, ತಿಕ್ಕತೈತಿ.”

ಮೇಡಂ ಬೈಯುವುದನ್ನು ಮರೆತರು. ಸ್ನಾಯುವನ್ನು ಹಿಮ್ಮಡಿ ಮೂಳೆಗೆ ಕಟ್ಟುವ ಟೆಂಡನ್‌ನಲ್ಲಿ ಕೊಲೆಸ್ಟ್ರಾಲ್ ಗಂಟು ಕಟ್ಟುವುದು ಇದೇ ದೋಷದ ಗುರುತು. ನಾನು ಎಲ್ಲವನ್ನೂ ನೋಡಿದ್ದೆ, ಯಾಕೆಂದು ಮಾತ್ರ ಕೇಳಿರಲಿಲ್ಲ.

ಮರುದಿನ ಇಬ್ಬರೂ ಹೋದೆವು. ಕೈ ಮುಗಿದು ಕ್ಷಮೆ ಕೇಳಿದೆ.

“ಅದೆಲ್ಲ ಆಮ್ಯಾಲೆ. ಮೊದಲು ನನ್ನ ಮುಂದ ನಡದು ತೋರ್ಸಲೇ, ನಾಟಕದವನ,” ಎಂದರು ಬಸಣ್ಣ.

ನಡೆದೆ. ಮಗಳು ಗೌರಿ ನಕ್ಕಳು. ನಗು ಅರ್ಧಕ್ಕೇ ನಿಂತಿತು. “ಅಪ್ಪಾ, ನೀ ಖರೇನ ಹಂಗ ನಡಿತಿ. ಕಾಲು ತೋರ್ಸು.”

ಮೇಡಂ ಗಂಟು ಮುಟ್ಟಿ ನೋಡಿ, ಎಲ್ಲವನ್ನೂ ವಿವರಿಸಿದರು. ಬಸಣ್ಣ ತೋಳು ಚಾಚಿದರು. “ನಂದು ತಗೀರಿ. ಮಗಳದ್ದು ಬ್ಯಾಡ. ಹಿರೇಹಡಗಲಿ ತಂಗಿ ಮಗನ ಜೋಡಿ ಲಗ್ನ ಗೊತ್ತಾಗೈತಿ. ರಕ್ತದಾಗ ಐಬು ಐತಿ ಅಂತ ಸುದ್ದಿ ಆದ್ರ ಮುಗೀತು.”

ಮೇಡಂ ಒತ್ತಾಯಿಸಲಿಲ್ಲ, ಮುಚ್ಚಿಡಲೂ ಇಲ್ಲ. ಹುಡುಗನೂ ಇದೇ ಮನೆತನದ ಹೆಣ್ಣಿನ ಮಗ. ಇಬ್ಬರಲ್ಲೂ ದೋಷವಿದ್ದರೆ, ಹುಟ್ಟುವ ಮಗುವಿಗೆ ಅದು ಎರಡೂ ಕಡೆಯಿಂದ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು; ಅಂಥ ಮಗುವಿಗೆ ಶಾಲೆಗೆ ಹೋಗುವ ವಯಸ್ಸಿನಲ್ಲೇ ಹೃದಯಾಘಾತವಾಗಬಹುದು.

ರಕ್ತ ತೆಗೆಯುವವನಿಗೆ ಸೂಜಿ ಹಿಡಿಯಲು ಬಂದರೆ ಸಾಲದು, ಬಾಯಿ ಮುಚ್ಚಿಕೊಂಡು ಕಾಯಲೂ ಬರಬೇಕೆಂದು ಈ ಕೆಲಸ ನನಗೆ ಕಲಿಸಿದ್ದು ಆ ಪಡಸಾಲೆಯಲ್ಲಿ. ಕಾದೆ. ಗೌರಿ ಕುಪ್ಪಸದ ತೋಳು ಮೇಲಕ್ಕೆ ಮಡಚಿಕೊಂಡು ನನ್ನೆದುರು ಬಂದು ಕುಳಿತಳು.

“ಸುದ್ದಿ ನಾನ ಮಾಡ್ತೀನಿ, ಅಪ್ಪಾ. ನಂದು ತಗದ ಮ್ಯಾಲೆ ಇವರನ್ನ ಹಿರೇಹಡಗಲಿಗೆ ಕಳಿಸ್ತೀನಿ. ಅತ್ತಿ ಮಗ ಸೂಜಿಗೆ ಹೆದರಿದ್ರ, ಲಗ್ನ ಬ್ಯಾಡ ಅನ್ನಾಕಿ ನಾನ.”