ಶೀನಣ್ಣನ ಹಟ್ಟಿಯಲ್ಲಿ ಇಲ್ಲದ ಎಮ್ಮೆ

ದಿವ್ಯಾ ಟೀಚರ್, ನೀವು ನನ್ನ ಬಾಯಿಯಿಂದ ಹೇಳಿಸಬೇಕೆಂದಿರುವ ಮಾತು ಸುಳ್ಳು. ಆ ವ್ಯಂಗ್ಯಚಿತ್ರದಲ್ಲಿ ನೀರಿನ ಪೈಪಿನ ಮೇಲೆ ಕೂತಿರುವ ಮನುಷ್ಯ ನಿಮ್ಮ ಅಪ್ಪನೇ. ಅವರನ್ನು ಮನಸ್ಸಿನಲ್ಲಿಟ್ಟುಕೊಂಡೇ, ಅವರ ಮೇಲಿನ ಸಿಟ್ಟಿನಿಂದಲೇ, ಊರಿಗೆಲ್ಲ ಗುರುತು ಸಿಗಲಿ ಎಂದೇ ಬಿಡಿಸಿದ್ದು. ಆದರೆ ಆ ಬೇಸಿಗೆಯಲ್ಲಿ ಊರಿನ ನೀರು ಕದ್ದವರು ಅವರಲ್ಲ — ನಾನು.

ಹೇಳಿಬಿಟ್ಟೆ. ಇಷ್ಟು ಬರೆಯಲು ಹನ್ನೊಂದು ವರ್ಷ ಬೇಕಾಯಿತು. ನೀವು ಸಣ್ಣವರಿದ್ದಾಗ ನಿಮ್ಮನ್ನು ‘ನೀನು’ ಎಂದೇ ಕರೆಯುತ್ತಿದ್ದೆ. ಇದನ್ನು ಬರೆಯುವಾಗ ಆ ಸಲುಗೆ ಕೈಗೆ ಬರುತ್ತಿಲ್ಲ.

ಹೋದ ತಿಂಗಳು ನೀವು ಕಡಬದ ನನ್ನ ಫ್ಲೆಕ್ಸ್ ಅಂಗಡಿಗೆ ಬಂದಿರಿ. ಪುತ್ತೂರು, ಸುಳ್ಯ, ಕಡಬ — ಮೂರೂ ತಾಲೂಕಿನ ಕಾರ್ಟೂನು ಬಿಡಿಸುವವರೆಲ್ಲ ಸೇರಿ ಪುತ್ತೂರಿನಲ್ಲಿ ಎರಡು ದಿನದ ಪ್ರದರ್ಶನ, ಮಕ್ಕಳಿಗೆ ಶಿಬಿರ, ಒಂದು ಸ್ಮರಣ ಸಂಚಿಕೆ. ನೀವು ಚಿತ್ರಕಲೆ ಟೀಚರ್ ಆದ್ದರಿಂದ ಓಡಾಟವೆಲ್ಲ ನಿಮ್ಮದು. ಉದ್ಘಾಟನೆಗೆ ನಾನೇ ಬರಬೇಕು ಅಂದಿರಿ. ಉಬ್ಬಿಹೋದೆ ಮಾರಾಯ್ರೆ, ಸುಳ್ಳು ಯಾಕೆ ಹೇಳಲಿ. ಆಮೇಲೆ ನೀವು ಚೀಲದಿಂದ ಆಮಂತ್ರಣದ ಕರಡು ತೆಗೆದು ಮೇಜಿನ ಮೇಲಿಟ್ಟಿರಿ. ಅದರ ಮುಖಪುಟದಲ್ಲಿ ಆ ಚಿತ್ರ.

“ಸರ್, ಇದು ನಮ್ಮ ಅಪ್ಪಂದೇ ಚಿತ್ರ ಅಂತ ಊರಲ್ಲಿ ಸುಮ್ಮನೆ ಸುದ್ದಿ ಮಾಡಿದ್ರು, ನಿಮಗೆ ನೆನಪುಂಟಾ?” ಎಂದು ನೀವು ಕೇಳಿದಿರಿ. “ಶಾಲೆಯಲ್ಲಿ ನನ್ನನ್ನು ಎಮ್ಮೆ ಅಂತ ಕರೀತಿದ್ರು. ಅಪ್ಪ ಹೇಳಿದ್ರು, ನಾನು ರಫೀಕನ ಹತ್ರ ಕೇಳಿದ್ದೇನೆ, ಅದು ನಾನಲ್ಲ ಅಂತ ಅವನೇ ಹೇಳಿದ್ದಾನೆ ಅಂತ. ನೀವು ಅದನ್ನು ಒಂದ್ಸಲ ಸ್ಟೇಜಲ್ಲಿ ಹೇಳಬೇಕು ಸರ್. ಸಂಚಿಕೆಗೂ ಬರೆದು ಕೊಡಿ. ಅಪ್ಪನ ಮೇಲಿನ ಅಪವಾದ ಹೋಗ್ಲಿ.”

“ಅದಕ್ಕೆಂತ, ಹೇಳುವ” ಎಂದೆ. ನೋಡಿ — ಆಗಲೂ!

ನೀವು ಸ್ಕೂಟರು ಹತ್ತಿ ಹೋದ ಮೇಲೆ ಕೆಲಸಕ್ಕೆ ಕೈ ಹೋಗಲಿಲ್ಲ. ಎಷ್ಟು ಸುಲಭ ಇತ್ತು! ಹಳೆಯ ಸುಳ್ಳನ್ನೇ ಇನ್ನೊಂದು ಸಲ, ಈಗ ಮೈಕಿನಲ್ಲಿ, ಹೇಳಿದರಾಯಿತು. ಮಗಳಿಗೆ ಸಮಾಧಾನ, ಅಪ್ಪನಿಗೆ ಮಾನ, ನನಗೆ ಶಾಲು. ಯಾರಿಗೂ ನಷ್ಟವಿಲ್ಲ. ಅಷ್ಟು ಚೆಂದದ ಬೋನಿನೊಳಗೆ ನಾನು ಮೂರು ವಾರ ಕೂತೆ. ಊಟ ಸೇರಲಿಲ್ಲ. ಹೆಂಡತಿ “ನಿಮಗೆಂತಾಗಿದೆ?” ಎಂದು ಕೇಳಿದರೆ ಅವಳ ಮೇಲೆಯೇ ಹಾರಿಬಿದ್ದೆ.

ಈಗ ಆದದ್ದನ್ನು ಆದ ಹಾಗೆ ಹೇಳುತ್ತೇನೆ.

ನಿಮ್ಮ ಅಪ್ಪ, ಶೀನಣ್ಣ, ಆಗ ಪಂಜಕ್ಕೆ ಹೋಗುವ ದಾರಿಯ ನಮ್ಮ ಊರಿನಲ್ಲಿ ನೀರು ಬಿಡುವ ಕೆಲಸದಲ್ಲಿದ್ದರು. ಬೆಳಗ್ಗೆ ಟ್ಯಾಂಕಿ ತುಂಬಿಸುವುದು, ಆಮೇಲೆ ಕಬ್ಬಿಣದ ಉದ್ದ ಕೀಲಿ ಹಿಡಿದುಕೊಂಡು ಒಂದೊಂದೇ ಲೈನಿನ ವಾಲ್ವು ತಿರುಗಿಸುತ್ತ ನಡೆಯುವುದು. ಕೊಡೆಯನ್ನು ಅಂಗಿಯ ಕಾಲರಿಗೆ ಬೆನ್ನ ಹಿಂದೆ ಸಿಕ್ಕಿಸಿಕೊಂಡು, ಕುತ್ತಿಗೆ ಸ್ವಲ್ಪ ಎಡಕ್ಕೆ ಓರೆ ಮಾಡಿಕೊಂಡು ಅವರು ಬರುವುದು ದೂರದಿಂದಲೇ ತಿಳಿಯುತ್ತಿತ್ತು.

ಆ ವರ್ಷ ಗುಡ್ಡೆಯ ಮೇಲಿನ ಹನ್ನೊಂದು ಮನೆಗಳಿಗೆ ನೀರು ಹತ್ತುತ್ತಿರಲಿಲ್ಲ. ಯಾಕೆ ಹತ್ತೀತು? ಕೆಳಗೆ ನಮ್ಮ ಬಚ್ಚಲಿನ ಹಿಂದೆ, ಗೋಣಿಚೀಲದ ಅಡಿಯಲ್ಲಿ, ಪಂಚಾಯತಿನ ಪೈಪಿಗೆ ನಾನೊಂದು ಸಣ್ಣ ಮೋಟಾರು ಕೂರಿಸಿದ್ದೆ. ನೀರು ಬಿಟ್ಟ ಕೂಡಲೇ ಗುಂಡಿ ಒತ್ತಿದರೆ ಸಾಕು, ಮೇಲೆ ಹೋಗಬೇಕಾದದ್ದೆಲ್ಲ ನಮ್ಮ ಟ್ಯಾಂಕಿಗೆ. ನಮಗೆ ನೀರಿಗೆ ತತ್ವಾರ ಇತ್ತೋ? ಇರಲಿಲ್ಲ. ಹೊಸ ಮನೆ, ಹೊಸ ಟ್ಯಾಂಕಿ, ಅದು ತುಂಬಿ ಚೆಲ್ಲುವುದನ್ನು ಕೇಳಲು ಹಿತವಾಗುತ್ತಿತ್ತು. ಅಷ್ಟೇ.

ಶೀನಣ್ಣ ಪೈಪಿನ ಬೆನ್ನು ಹಿಡಿದು ಹುಡುಕುತ್ತ ಬಂದು ಒಂದು ಮಧ್ಯಾಹ್ನ ಆ ಗೋಣಿ ಎತ್ತಿದರು. ಮನೆಯಲ್ಲಿ ನನ್ನ ತಾಯಿ, ಉಮ್ಮ, ಒಬ್ಬರೇ ಇದ್ದದ್ದು. ಉಮ್ಮ ಹೆದರಿ ಅವರ ಎದುರು ಕೈಮುಗಿದರಂತೆ — ಊರಿಗೆ ಗೊತ್ತಾದರೆ ನಾವು ತಲೆಯೆತ್ತಿ ನಡೆಯುವ ಹಾಗಿಲ್ಲ ಶೀನಪ್ಪ, ಯಾರಿಗೂ ಹೇಳಬೇಡ ಎಂದು. “ಹೇಳುದಿಲ್ಲ ಉಮ್ಮ. ಆದ್ರೆ ಇವತ್ತೇ ಇದು ಇಲ್ಲಿಂದ ಹೋಗಬೇಕು” ಎಂದು ಮಾತು ಕೊಟ್ಟರಂತೆ. ಉಮ್ಮ ನೀಡಿದ ಮಜ್ಜಿಗೆಯನ್ನೂ ಕುಡಿದರಂತೆ.

ನಾನು ಅಂಗಡಿಯಿಂದ ಬರುವುದನ್ನೇ ಅವರು ಜಗಲಿಯಲ್ಲಿ ಕಾದಿದ್ದರು. “ಮೇಲಿನ ಹೆಂಗಸರು ಕೊಡಪಾನ ಇಟ್ಕೊಂಡು ಬೆಳಗ್ಗಿಂದ ಕೂತಿರ್ತಾರೆ ಮಾರಾಯ. ನೀನು ಪೇಪರಲ್ಲಿ ಊರಿಗೆಲ್ಲ ಬುದ್ಧಿ ಹೇಳುವವ. ನಾಚಿಕೆ ಆಗುದಿಲ್ವಾ ನಿನಗೆ?” ಉಮ್ಮನ ಎದುರಿಗೇ. ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಅದಕ್ಕೇ ಅಷ್ಟು ಉರಿಯಿತೋ ಏನೋ.

ಮೋಟಾರು ಆ ಸಂಜೆಯೇ ಕಿತ್ತೆ. ಸಿಟ್ಟನ್ನು ಕೀಳಲಿಲ್ಲ.

ಪುತ್ತೂರಿನಿಂದ ಬರುತ್ತಿದ್ದ ಒಂದು ವಾರಪತ್ರಿಕೆಗೆ ನಾನು ಆಗ ವಾರಕ್ಕೊಂದು ಚಿತ್ರ ಕೊಡುತ್ತಿದ್ದೆ. ಸಣ್ಣ ಊರಿನ ಪತ್ರಿಕೆಗೆ ಬಿಡಿಸುವವರಿಗೆ ಒಂದು ಕಟ್ಟಳೆ ಉಂಟು, ನಿಮಗೂ ಗೊತ್ತಿರಬಹುದು — ಮಂತ್ರಿಯ ಮುಖ ಬಿಡಿಸಬಹುದು, ಪಕ್ಕದ ಮನೆಯವನ ಮುಖ ಬಿಡಿಸಬಾರದು. ಮಂತ್ರಿ ನಾಳೆ ಬಸ್‌ಸ್ಟ್ಯಾಂಡಿನಲ್ಲಿ ಸಿಗುವುದಿಲ್ಲ, ಇವನು ಸಿಗುತ್ತಾನೆ. ಅದಕ್ಕೆ ಊರಿನ ವಿಷಯವಾದರೆ ಎಲ್ಲರೂ ಒಬ್ಬ ಗುಂಡುಮುಖದ ಮನುಷ್ಯನನ್ನು ಹಾಕುತ್ತೇವೆ, ಯಾರಿಗೂ ಹೋಲದವನನ್ನು. ನಾನು ಆ ವಾರ ಗುಂಡುಮುಖವನ್ನೇ ಹಾಕಿದೆ. ಕಣ್ಣು ಮೂಗು ಯಾರದ್ದೂ ಅಲ್ಲ. ಆದರೆ ಬೆನ್ನ ಹಿಂದೆ ಕಾಲರಿಗೆ ಒಂದು ಕೊಡೆ ಸಿಕ್ಕಿಸಿದೆ. ಕುತ್ತಿಗೆಯನ್ನು ಎಡಕ್ಕೆ ಓರೆ ಮಾಡಿದೆ. ಎರಡು ಗೀಟು, ಅಷ್ಟೇ. ನನ್ನ ಕೈ ಎಷ್ಟು ಚುರುಕು ಎಂದು ಆ ದಿನ ಹೆಮ್ಮೆಪಟ್ಟೆ, ಥೂ.

ಪೈಪಿನ ಮೇಲೆ ಕೀಲಿ ಹಿಡಿದು ಕೂತ ಮನುಷ್ಯ, ಹಿಂದೆ ಅವನ ಎಮ್ಮೆ ತೊಟ್ಟಿಯಲ್ಲಿ ಮುಳುಗಿ ಸ್ನಾನ ಮಾಡುತ್ತಿದೆ, ಎದುರು ಖಾಲಿ ಕೊಡಪಾನದ ಸಾಲು. ಕೆಳಗೆ — “ಮೊದಲು ನಮ್ಮ ಎಮ್ಮೆಯ ಸ್ನಾನ ಮುಗಿಯಲಿ!” ಶೀನಣ್ಣನ ಹಟ್ಟಿಯಲ್ಲಿ ಎಮ್ಮೆಯೇ ಇರಲಿಲ್ಲ. ನಗು ಬರಬೇಕಲ್ಲ, ಅದಕ್ಕೆ ಹಾಕಿದ್ದು.

ಇಲ್ಲಿ ಒಂದು ವಿಷಯವನ್ನು ನುಂಗಿಬಿಡಬಹುದಿತ್ತು. ನುಂಗುವುದಿಲ್ಲ. ಅವರು ಉಮ್ಮನಿಗೆ ಮಾತು ಕೊಟ್ಟದ್ದು ನನಗೆ ಗೊತ್ತಿತ್ತು. ಏನೇ ಆದರೂ ಅವರು ನಮ್ಮ ಮೋಟಾರಿನ ವಿಷಯ ಎತ್ತುವುದಿಲ್ಲ, ಬಾಯಿ ಬಿಡುವ ಹಾಗೆಯೇ ಇಲ್ಲ — ಅದು ಗೊತ್ತಿದ್ದೇ ಧೈರ್ಯವಾಗಿ ಬಿಡಿಸಿದೆ.

ಪತ್ರಿಕೆ ಶುಕ್ರವಾರ ಬಂತು. ಮಧ್ಯಾಹ್ನದೊಳಗೆ ಫೋನಿನಿಂದ ಫೋನಿಗೆ ಹಾರಿತು. “ಎಮ್ಮೆ ಸ್ನಾನ ಆಯ್ತಾ ಶೀನಣ್ಣ?” ಎಂದು ಹೋಟೆಲಿನಲ್ಲಿ, ಹಾಲಿನ ಡೈರಿಯಲ್ಲಿ. ಮೋಟಾರು ಹೋದದ್ದರಿಂದ ಅದೇ ವಾರ ಮೇಲಿನ ಮನೆಗಳಿಗೆ ನೀರು ಹತ್ತತೊಡಗಿತ್ತು. ಊರು ಎಂತ ಹೇಳಿತು ಗೊತ್ತುಂಟಾ? ಕಾರ್ಟೂನು ಬಂತು, ಶೀನಪ್ಪ ಹೆದರಿದ, ನೀರು ಸರಿಯಾಯಿತು. ನನ್ನ ಬೆನ್ನು ತಟ್ಟಿದವರೆಷ್ಟು!

ಪತ್ರಿಕೆ ಬಂದ ಮರುದಿನ ಶೀನಣ್ಣ ಅಂಗಡಿಗೆ ಬಂದರು. ಕೈಯಲ್ಲಿ ಮಡಚಿದ ಪತ್ರಿಕೆ. ಕೂಗಲಿಲ್ಲ, ಕೂರಲೂ ಇಲ್ಲ. ಚಿತ್ರದ ಮೇಲೆ ಬೆರಳಿಟ್ಟು ಕೇಳಿದರು: “ರಫೀಕ್, ಇದು ನಾನಾ?”

“ಅಲ್ಲ ಶೀನಣ್ಣ, ಅದು ಕಲ್ಪನೆಯ ಮನುಷ್ಯ” ಎಂದೆ.

ಪತ್ರಿಕೆಯನ್ನು ಮತ್ತೆ ಮಡಚಿಕೊಂಡರು. “ಆಯ್ತು” ಎಂದು ಹೋದರು. ಅಷ್ಟೇ ನಡೆದದ್ದು.

ಆಮೇಲೆ ಗ್ರಾಮಸಭೆ. ಯಾರೋ ಎದ್ದು ಆ ಪತ್ರಿಕೆಯನ್ನು ಎತ್ತಿ ತೋರಿಸಿದರು. ಮೇಲಿನ ಮನೆಯ ಒಬ್ಬ ಹೆಂಗಸು ಅತ್ತೇಬಿಟ್ಟರು — ಬಾಣಂತಿ ಮಗಳಿಗೆ ಮೀಯಲು ನೀರಿರಲಿಲ್ಲ ಎಂದು. ಅದು ನಿಜ, ಆ ನೀರು ನಮ್ಮ ಟ್ಯಾಂಕಿಯಿಂದ ಚೆಲ್ಲಿ ಹೋಗಿತ್ತು. “ಶೀನಪ್ಪ, ಇಷ್ಟು ದಿನ ನೀರು ಎಲ್ಲಿಗೆ ಹೋಗ್ತಿತ್ತು? ಹೇಳು” ಎಂದು ವೇದಿಕೆಯಿಂದ ಕೇಳಿದರು. ನಿಮ್ಮ ಅಪ್ಪ ಎದ್ದು ನಿಂತರು. ಸಭೆಯಲ್ಲಿ ನಾನೆಲ್ಲಿದ್ದೇನೆಂದು ಹುಡುಕಿ ಒಮ್ಮೆ ನೋಡಿದರು. ಒಂದು ಮಾತು ಸಾಕಿತ್ತು — ಅವರದ್ದಾಗಲಿ, ನನ್ನದಾಗಲಿ. ನಾನು ಮೊಬೈಲು ನೋಡುವ ಹಾಗೆ ತಲೆ ತಗ್ಗಿಸಿದೆ. ಅವರು ಹೇಳಿದರು: “ಎಲ್ಲಿಗೋ ಹೋಗ್ತಿತ್ತು. ಈಗ ಸರಿಯಾಗಿದೆ.”

ಎಂಥಾ ಮಾತು ಅದು! ಕಳ್ಳನೇ ಒಪ್ಪಿಕೊಂಡ ಹಾಗೆ ಕೇಳಿತು ಊರಿಗೆ. ಸಭೆ ಗೊಳ್ಳೆಂದಿತು. ತಿಂಗಳು ಕಳೆಯುವುದರೊಳಗೆ ಕೀಲಿ ಬೇರೆಯವರ ಕೈಗೆ ಹೋಯಿತು. ಪರೀಕ್ಷೆ ಮುಗಿದ ಕೂಡಲೇ ನೀವೆಲ್ಲ ಕಲ್ಲುಗುಂಡಿಯ ಕಡೆಗೆ ಹೋದಿರಿ, ನಿಮ್ಮ ಅಪ್ಪ ಯಾರದ್ದೋ ತೋಟದಲ್ಲಿ ರಬ್ಬರು ಹಾಲು ತೆಗೆಯುವ ಕೆಲಸಕ್ಕೆ. ನೀವಾಗ ಎಂಟನೇ ಕ್ಲಾಸು.

ನಾನು ಹೇಳಿದ್ದರೆ ಊರಿನಲ್ಲಿ ಅದಕ್ಕೆ ಧರ್ಮದ ಬಣ್ಣ ಬರುತ್ತಿತ್ತು, ಬ್ಯಾರಿಯವ ಹೀಗೆ ಮಾಡಿದ ಎಂದು ಗಲಾಟೆಯಾಗುತ್ತಿತ್ತು — ಬಹಳ ವರ್ಷ ನನಗೆ ನಾನೇ ಹಾಗೆ ಹೇಳಿಕೊಂಡೆ. ಅದೂ ಬುರುಡೆ. ನನಗೆ ಮಾನದ ಭಯ ಇತ್ತು, ಬೇರೆ ಏನೂ ಅಲ್ಲ. ಮರುವರ್ಷ ಆ ಚಿತ್ರಕ್ಕೆ ಬಹುಮಾನ ಬಂತು. ‘ಊರಿಗೆ ನೀರು ತಂದ ಚಿತ್ರ’ ಎಂದು ಹೊಗಳಿದರು. ಎಲ್ಲಿ ಹೋದರೂ ಅದನ್ನೇ ಕೇಳುತ್ತಾರೆ, ಅದರ ಕಥೆ ಹೇಳಿ ಅನ್ನುತ್ತಾರೆ. ಹೇಳಿ ಹೇಳಿ ಕಥೆ ನುಣ್ಣಗಾಗಿದೆ. ಮನೆಯ ಗೋಡೆಗೆ ಅದನ್ನು ತೂಗುಹಾಕಿದ್ದು ಹೆಂಡತಿ. ತೆಗೆದರೆ ಯಾಕೆ ಅಂತ ಕೇಳುತ್ತಾಳೆ, ಅದಕ್ಕೆ ತೆಗೆಯಲಿಲ್ಲ. ಉಮ್ಮ ಸಾಯುವ ಮೊದಲು ಕೇಳಿದರು, “ಆ ಶೀನಪ್ಪ ಯಾಕೆ ಊರು ಬಿಟ್ಟದ್ದು?” ಗೊತ್ತಿಲ್ಲ ಉಮ್ಮ ಎಂದೆ.

ಹೋದ ಭಾನುವಾರ ನೀವು ಪುತ್ತೂರಿಗೆ ಹಾಲ್ ನೋಡಲು ಹೋಗುತ್ತೀರೆಂದು ತಿಳಿದುಕೊಂಡು, ನಾನು ಕಲ್ಲುಗುಂಡಿಗೆ ಹೋದೆ. ನಿಮ್ಮ ಅಪ್ಪ ಅಂಗಳದಲ್ಲಿ ರಬ್ಬರು ಶೀಟು ಒಣಗಲು ಹಾಕುತ್ತಿದ್ದರು. ಬಾ ಅನ್ನಲಿಲ್ಲ, ಹೋಗು ಅನ್ನಲೂ ಇಲ್ಲ. ನಾನು ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಅದು ನೀವೇ ಶೀನಣ್ಣ, ಬೇಕೆಂದೇ ಮಾಡಿದ್ದು, ಅಂದೆ. ಅವರು ಶೀಟಿನ ತುದಿ ಸರಿ ಮಾಡುತ್ತಲೇ ಇದ್ದರು.

“ಗೊತ್ತುಂಟು. ಅವತ್ತೇ ಗೊತ್ತಿತ್ತು.”

“ಮತ್ತೆ ಯಾಕೆ ಬಂದು ಕೇಳಿದ್ದು?”

“ಹೌದು ಅಂತ ನೀನು ಹೇಳ್ತಿದ್ರೆ ಕೆನ್ನೆಗೊಂದು ಕೊಟ್ಟು ಹೋಗ್ತಿದ್ದೆ. ಅಲ್ಲಿಗೆ ಮುಗೀತಿತ್ತು. ನೀನು ಅಲ್ಲ ಅಂದೆ. ಮತ್ತೆ ನಾನೆಂತ ಮಾಡುದು, ಹೇಳು?”

ಗ್ರಾಮಸಭೆಯಲ್ಲಿ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ. “ನಿನ್ನ ಉಮ್ಮನಿಗೆ ಹೇಳಿದ್ದೆನಲ್ಲ” ಎಂದರು, ಅದೊಂದು ದೊಡ್ಡ ವಿಷಯವೇ ಅಲ್ಲವೆಂಬ ಹಾಗೆ. ಕೊನೆಗೆ ನಿಮ್ಮ ವಿಷಯ ತೆಗೆದೆ — ದಿವ್ಯಾ ಸ್ಟೇಜಿನಲ್ಲಿ ಹೇಳಬೇಕು ಅನ್ನುತ್ತಿದ್ದಾಳೆ, ಅದು ನೀವಲ್ಲ ಅಂತ. ನಾನೇನು ಮಾಡಲಿ?

ಆಗ ಮಾತ್ರ ಅವರ ಕೈ ನಿಂತಿತು. “ಅವಳು ಶಾಲೆಗೆ ಹೋಗುದಿಲ್ಲ ಅಂತ ಹಟ ಹಿಡಿದಿದ್ಳು. ನಾನಲ್ಲ ಅಂತ ಹೇಳದೆ ಬೇರೆ ದಾರಿ ಇರಲಿಲ್ಲ. ನೀನು ಹೇಳಿದ ಸುಳ್ಳನ್ನು ಹನ್ನೊಂದು ವರ್ಷ ನಾನು ಮಗಳಿಗೆ ಹೇಳಿದ್ದೇನೆ ರಫೀಕ್. ಇನ್ನು ನನ್ನಿಂದಾಗುದಿಲ್ಲ. ನೀನೇ ಹೇಳು.” ಒಳಗೆ ಹೋಗಿ ಬಾಗಿಲು ಎಳೆದುಕೊಂಡರು.

ಟೀಚರ್, ನೀವು ಕೇಳಿದ ಲೇಖನ ಇದು. ಒಂದಕ್ಷರ ತಿದ್ದದೆ ಹಾಕಿ. ಹಾಕಲು ಮನಸ್ಸಾಗದಿದ್ದರೂ ಶನಿವಾರ ಐದು ನಿಮಿಷ ಮೈಕು ಕೊಡಿ. ಉದ್ಘಾಟನೆ ಬೇರೆಯವರಿಂದ ಮಾಡಿಸಿ. ಆ ಚಿತ್ರವನ್ನು ಪ್ರದರ್ಶನದಿಂದ ತೆಗೆಯುವ ಎಂದು ಮೊದಲು ಯೋಚಿಸಿದ್ದೆ; ಬೇಡ, ಅದು ಇನ್ನೊಂದು ಗೋಣಿಚೀಲ ಮುಚ್ಚಿದ ಹಾಗಾಗುತ್ತದೆ. ಚಿತ್ರ ಇರಲಿ. ನಾನು ಎರಡು ದಿನವೂ ಅದರ ಪಕ್ಕದಲ್ಲೇ ನಿಂತಿರುತ್ತೇನೆ. ಯಾರು ಇದು ಎಂದು ಮಕ್ಕಳು ಕೇಳಿದರೆ ಹೆಸರು ಹೇಳುತ್ತೇನೆ, ಯಾಕೆ ಬಿಡಿಸಿದೆ ಎಂದೂ ಹೇಳುತ್ತೇನೆ. ನಿಮ್ಮ ಅಪ್ಪ ಬರಲಿ ಎಂದು ಕೇಳುವ ಯೋಗ್ಯತೆ ನನಗಿಲ್ಲ. ಆದರೆ ನೀವು ಅಲ್ಲಿಗೆ ಬಂದು, ಅವರು ಅವತ್ತು ಮಾಡಿದ ಹಾಗೆಯೇ ಚಿತ್ರದ ಮೇಲೆ ಬೆರಳಿಟ್ಟು ನನ್ನನ್ನು ಕೇಳಿ — ಎಲ್ಲರ ಎದುರು ಕೇಳಿ. ಹೌದು ಅನ್ನುತ್ತೇನೆ. ಆಮೇಲೆ ನಿಮ್ಮ ಅಪ್ಪ ನನ್ನ ಕೆನ್ನೆಗೆ ಕೊಡಬೇಕಾಗಿದ್ದದ್ದನ್ನು ನೀವು ಕೊಟ್ಟರೂ ಸರಿ.