ಬೀದಿಯ ಹಾಸು, ಅಗಲದ ಟೈರು

ಬೀದಿಯುದ್ದಕ್ಕೂ ಗಂಜಿ ಹಚ್ಚಿ ಬಿಗಿದು ಕಟ್ಟಿದ್ದ, ಮಗ್ಗಕ್ಕೇರಬೇಕಿದ್ದ ಪಾರ್ವತಿಯ ಹಾಸುನೂಲು, ನನ್ನ ಮೊಮ್ಮಗನ ಕಾರಿನ ಟೈರಿಗೆ ಸಿಕ್ಕಿ, ಗೂಟದ ಸಮೇತ ಕಿತ್ತು ಮಣ್ಣಿಗೆ ಬಿತ್ತು.

ಕರುಮತ್ತಂಪಟ್ಟಿಯ ನಮ್ಮ ನೇಕಾರರ ಬೀದಿಯಲ್ಲಿ ನೂಲು ಒಣಗುವತನಕ ಗಾಡಿಗಳು ಕಾಯುತ್ತವೆ. ಇವನು ಕಾಯುವವನಲ್ಲ, ದಿನವೂ ನೂಲಿನ ಪಕ್ಕದಲ್ಲೇ ಕಾರು ನುಸುಳಿಸುತ್ತಿದ್ದ. ಆದರೆ ಹಿಂದಿನ ದಿನವಷ್ಟೇ ಕೊಯಮತ್ತೂರಿನಲ್ಲಿ ಅಗಲದ ಟೈರು ಹಾಕಿಸಿಕೊಂಡು ಬಂದಿದ್ದ. "ಇಂಜಿನ್ ಜೋರು ಅಜ್ಜಿ, ಸಣ್ಣ ಟೈರು ಜಾರುತ್ತೆ. ಇದು ನೆಲ ಕಚ್ಕೊಂಡು ಓಡುತ್ತೆ" ಎಂದು ಬೀಗಿದ್ದ. ಆ ಟೈರು ಕಾರಿನ ಮೈಯಿಂದ ನಾಲ್ಕು ಬೆರಳು ಹೊರಗೆ ಚಾಚಿದ್ದು ಅವನ ತಲೆಗೆ ಹೋಗಿರಲಿಲ್ಲ.

ಪಾರ್ವತಿ ಗಂಡ ಸತ್ತವಳು. ಆ ಹಾಸು ನೇಯ್ದರೇ ಅವಳ ಮನೆಯಲ್ಲಿ ಒಲೆ ಉರಿಯಬೇಕು. ಮೊಮ್ಮಗ ಇಳಿದವನೇ ಅವಳನ್ನು ನೋಡಲಿಲ್ಲ, ಬಗ್ಗಿ ಟೈರು ಸವರಿದ.

"ಒಂದು ಗೀರೂ ಬಿದ್ದಿಲ್ಲ ಅಜ್ಜಿ."

"ಚೆನ್ನಾಗಿ ನೋಡ್ಕೊ ಸಾಮಿ, ನನ್ನ ನೂಲು ಎಲ್ಲಾದ್ರೂ ಚುಚ್ಚಿರ್ಬೋದು" ಎಂದಳು ಪಾರ್ವತಿ.

ಅವನು ಮತ್ತೊಮ್ಮೆ ಬಗ್ಗಿ ನೋಡಿದ.

ನಾನು ಅವಳ ಪಕ್ಕದಲ್ಲಿ ಕೂತು ಕಡಿದ ಎಳೆಗಳಿಗೆ ಗಂಟು ಹಾಕಿದೆ. ಅಂದಿನಿಂದ ಪಾರ್ವತಿ ಹಾಸು ಕಟ್ಟಲು ನೂಲು ಹೊತ್ತುಕೊಂಡು ಕಾರು ನುಗ್ಗದ ಕೆಳಬೀದಿಗೆ ಹೋಗುತ್ತಾಳೆ, ನಮ್ಮ ಮನೆಯ ಮುಂದಿನಿಂದಲೇ.