ಬೆಕ್ಕಿಗೆ ಕಣ್ಣಿಟ್ಟದ್ದು

ಮೊನ್ನೆ ಅಂಧೇರಿಯ ಒಂದು ಕರಕುಶಲ ಪ್ರದರ್ಶನದಲ್ಲಿ ಕೈಯೊರೆಸುವ ಟವೆಲೊಂದನ್ನು ಕಂಡೆ. ಕೆಳಗೆ ದಪ್ಪ ಬಟ್ಟೆ, ಮೇಲೆ ಕ್ರೋಷಾ ಹೆಣಿಗೆ, ಅದರ ನಡುವೆ ಹಲ್ಲು ಕಿರಿಯುವ ಮೊಲ. ಅಡುಗೆಮನೆಯಲ್ಲಿ ನೇತುಹಾಕಲು ಅಂತೆ. ನೀರು ಹೀರುತ್ತದೋ ನೋಡೋಣ ಎಂದು ಒದ್ದೆ ಬೆರಳನ್ನು ಅದರ ಹತ್ತಿರ ಒಯ್ದದ್ದೇ ತಡ, ಮಾರುವ ಹುಡುಗಿ ಓಡಿ ಬಂದಳು. "ಆಂಟಿ, ಕೈ ಮತ್ ಪೋಂಛೋ, ಇದು ಶೋಗೆ." ಕೈಯೊರೆಸುವ ಟವೆಲಿಗೆ ಕೈ ಒರೆಸಬಾರದಂತೆ. ನೀವೇ ಹೇಳಿ, ಇದನ್ನು ಯಾರಾದರೂ ಹೇಗೆ ಅರ್ಥ ಮಾಡಿಕೊಳ್ಳಬೇಕು? ಮೊದಲೇ ನಾನು ಬೇಗ ಗಲಿಬಿಲಿಗೆ ಬೀಳುವವಳು. ಲಿಫ್ಟಿನಲ್ಲಿ ಮೇಲೆ ಹೋಗಬೇಕಾದಾಗ ಕೆಳಗಿನ ಬಾಣ ಒತ್ತಿ, ಲಿಫ್ಟನ್ನೇ ಬೈಯುವ ಜಾತಿ. ಆದರೆ ಟವೆಲಿನ ವಿಷಯದ ನನ್ನ ಗಲಿಬಿಲಿ ಮಾತ್ರ ಬಹಳ ಹಳೆಯದು, ಅರವತ್ತರ ದಶಕ ಮುಗಿಯುತ್ತಿದ್ದ ಕಾಲದ್ದು. ಅದು ನನಗೆ ಅಮ್ಮನಿಂದ ಬಂದದ್ದು.

ನಾವಾಗ ಬೈಕುಲ್ಲಾದ ಒಂದು ಚಾಳಿನ ಒಂಟಿ ಕೋಣೆಯಲ್ಲಿದ್ದೆವು. ಅಪ್ಪ ಹತ್ತಿರದ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದರು. ಉಡುಪಿ ಬಿಟ್ಟು ಬಂದ ಅಮ್ಮನಿಗೆ ಮರಾಠಿ ಬಾರದು, ಹಿಂದಿ ಎಂದರೆ ಜೀವಭಯ. ಇಡೀ ಮಾಳಿಗೆಯಲ್ಲಿ ಅವಳ ಜೊತೆ ಕನ್ನಡದಲ್ಲಿ ಮಾತಾಡುವವರು ಪಕ್ಕದ ಖೋಲಿಯ ಖೈರುನ್‌ಬಿ ಒಬ್ಬರೇ. ವಿಜಾಪುರದ ಕಡೆಯವರು, ಗಂಡ ಹೊಲಿಗೆ ಮಷೀನ್ ರಿಪೇರಿ ಮಾಡುತ್ತಿದ್ದರು. ನನಗೆ ಅವರು ಖಾಲಾ, ಅಮ್ಮನಿಗೆ ಖೈರುನಕ್ಕ. ಅವರ ಕನ್ನಡ ಕೇಳಿ ಅಮ್ಮ ನಗುತ್ತಿದ್ದಳು, ಅಮ್ಮನ ಕನ್ನಡ ಕೇಳಿ ಅವರು ನಗುತ್ತಿದ್ದರು. ಮಧ್ಯಾಹ್ನ ಗಂಡಸರು ಕೆಲಸಕ್ಕೆ ಹೋದ ಮೇಲೆ ಗ್ಯಾಲರಿಯಲ್ಲಿ ಚಾಪೆ ಹಾಸಿ ಕೂತರೆ, ಸಂಜೆ ನಲ್ಲಿಯಲ್ಲಿ ನೀರು ಬರುವವರೆಗೂ ಇಬ್ಬರೂ ಏಳುತ್ತಿರಲಿಲ್ಲ. ಆ ಊರಿನಲ್ಲಿ ಅಮ್ಮನಿಗಿದ್ದ ಗೆಳೆತನ ಅದೊಂದೇ. ಅದೂ ಇಲ್ಲದಿದ್ದರೆ ಅವಳು ಗೋಡೆಯ ಜೊತೆ ಮಾತಾಡಬೇಕಿತ್ತು.

ಖಾಲಾನ ಕೈಯಲ್ಲಿ ಯಾವಾಗಲೂ ಕ್ರೋಷಾ ಕಡ್ಡಿ. ಅಮ್ಮನಿಗೂ ಅದನ್ನು ಕಲಿತು ಕೈಯೊರೆಸುವ ಟವೆಲೊಂದನ್ನು ಹೆಣೆಯುವ ಆಸೆಯಾಯಿತು. ಅಲ್ಲಿಯವರೆಗೆ ನಮ್ಮ ಅಡುಗೆಗೆ ಅಪ್ಪನ ಹಳೆಯ ಪಂಚೆಯ ತುಂಡೇ ಮಸಿಬಟ್ಟೆ, ಅದೇ ಕೈಬಟ್ಟೆ. ಕೈಯೊರೆಸಲು ಪ್ರತ್ಯೇಕ ಟವೆಲು, ಅದರಲ್ಲೂ ಚಿತ್ರ ಇರುವ ಟವೆಲು ಎಂದರೆ ಅಮ್ಮನ ಲೆಕ್ಕದಲ್ಲಿ ಬಂಗಲೆಯವರ ಸಂಗತಿ. ಯಾವ ಚಿತ್ರ ಹಾಕುವುದೆಂದು ಇಬ್ಬರೂ ತಲೆ ಕೆಡಿಸಿಕೊಳ್ಳಲಿಲ್ಲ. ಚಾಳಿನಲ್ಲಿ ಒಂದು ಬಿಳಿ ಬೆಕ್ಕಿತ್ತು. ನಮ್ಮಲ್ಲಿ ಬಂಗುಡೆಯ ತಲೆ ತಿಂದು, ಅವರಲ್ಲಿ ಹಾಲು ಕುಡಿಯುತ್ತಿತ್ತು. ಅಮ್ಮ ಅದನ್ನು ನಮ್ಮೂರ ಮಾತಿನಲ್ಲಿ ಪುಚ್ಚೆ ಎಂದು ಕರೆಯುತ್ತಿದ್ದಳು, ಖಾಲಾ ರಾಣಿ ಎನ್ನುತ್ತಿದ್ದರು. ಅದು ಎರಡಕ್ಕೂ ಓಗೊಡುತ್ತಿತ್ತು. ಟವೆಲಿಗೆ ಆ ಬೆಕ್ಕೇ ಎಂದು ತೀರ್ಮಾನವಾಯಿತು.

ಅಮ್ಮನ ಮೊದಲ ಬೆಕ್ಕು ಹೂಕೋಸಿನಂತೆ ಉಬ್ಬಿತು. ಎರಡನೆಯದಕ್ಕೆ ಒಂದು ಕಿವಿ ಉದ್ದ. ಅಪ್ಪ ಊಟಕ್ಕೆ ಕೂತಲ್ಲಿಂದ ದಿಟ್ಟಿಸಿ, "ಇದು ಗೂಬೆಯಾ?" ಎಂದರು. ಅಮ್ಮ ಆ ದಿನ ಅವರಿಗೆ ಎರಡನೇ ಸಲ ಸಾರು ಬಡಿಸಲಿಲ್ಲ. ಖಾಲಾ ಮಾತ್ರ ಬೇಸರಿಸದೆ ಬಿಚ್ಚಿಸುವರು, ಮತ್ತೆ ಹೆಣೆಸುವರು. ಕಡೆಗೆ ಗುಂಡು ಮುಖ, ಎರಡು ಕಿವಿ, ಮೂಗಿನ ಜಾಗದಲ್ಲಿ ಗುಲಾಬಿ ನೂಲು, ಮೀಸೆ, ಎಲ್ಲ ಸರಿಯಾಗಿ ಕೂತವು. ಆಗ ಖಾಲಾ ನೂಲು ಕತ್ತರಿಸಿ, "ಮುಗೀತು ನೋಡ್ರಿ ಭಾಬಿ, ಛಲೋ ಆತು" ಎಂದುಬಿಟ್ಟರು.

"ಕಣ್ಣು?" ಎಂದಳು ಅಮ್ಮ.

"ಸಾಕ್ ಬಿಡ್ರಿ, ಹಿಂಗs ಚಂದ ಅದ."

ಅಮ್ಮನಿಗೆ ತಲೆಬುಡ ತಿಳಿಯಲಿಲ್ಲ. ಮೀಸೆಯವರೆಗೆ ಹೇಳಿಕೊಟ್ಟವರು ಕಣ್ಣು ಯಾಕೆ ಹೇಳಿಕೊಡಲಿಲ್ಲ? ಅಡುಗೆ ಹೇಳಿಕೊಡುವ ಕೆಲವರು ಒಂದು ಸಾಮಾನು ಹೇಳದೆ ನುಂಗಿಕೊಳ್ಳುತ್ತಾರಲ್ಲ, ಹಾಗೇ ಇರಬೇಕು ಎಂದು ಅವಳಿಗೆ ಅನುಮಾನ. "ಇರ್ಲಿ, ನನಗೂ ಬುದ್ಧಿ ಉಂಟು" ಎಂದು, ಅಪ್ಪನ ಹಳೇ ಕೋಟಿನಿಂದ ಎರಡು ಕಪ್ಪು ಗುಂಡಿ ಕಿತ್ತು ಬೆಕ್ಕಿಗೆ ಹೊಲಿದಳು. ಬೆಕ್ಕಿಗೆ ಜೀವ ಬಂತು. ನಾವು ಖೋಲಿಯಲ್ಲಿ ಯಾವ ಮೂಲೆಗೆ ಹೋದರೂ ಅದು ನಮ್ಮನ್ನೇ ನೋಡುತ್ತಿತ್ತು. ಈದ್ ದಿನ ಅಮ್ಮ, ಕಲಿಸಿದವರಿಗೇ ಇರಲಿ ಎಂದು ಅದನ್ನು ಮಡಿಸಿ, ತಾನೇ ಒಯ್ದು ಖಾಲಾಗೆ ಕೊಟ್ಟಳು. ಅವರು ಎರಡೂ ಕೈಯಲ್ಲಿ ತೆಗೆದುಕೊಂಡರು, ಕಣ್ಣಿಗೊತ್ತಿಕೊಂಡರು, ನಮಗೆ ಹಾಲು-ಶ್ಯಾವಿಗೆಯ ಶೀರ್ ಖುರ್ಮಾ ಕೊಟ್ಟರು.

ಆದರೆ ಟವೆಲು ಅವರ ಅಡುಗೆ ಮೂಲೆಯ ಮೊಳೆಗೆ ಬರಲಿಲ್ಲ. ಮರುದಿನ ಬರಲಿಲ್ಲ, ಮರುವಾರವೂ ಬರಲಿಲ್ಲ. ಅಮ್ಮ ಸಕ್ಕರೆ ಕೇಳುವ ನೆಪದಲ್ಲಿ ಹೋಗಿ ನೋಡಿ ಬರುವಳು. ನಮ್ಮಲ್ಲಿ ಸಕ್ಕರೆ ಬೇಕಾದಷ್ಟಿತ್ತು. ಮೊಳೆಯಲ್ಲಿ ಅದೇ ಹಳೆಯ ಚೌಕಳಿ ಬಟ್ಟೆ. "ನಾನು ಮಾಡಿದ್ದು ಅವರ ಅಡುಗೆಗೆ ಆಗುದಿಲ್ವಾ ಹಾಗಾದ್ರೆ?" ಎಂದು ಅಮ್ಮ ಅನ್ನ ಬಸಿಯುತ್ತ ತನ್ನಷ್ಟಕ್ಕೆ ಹೇಳಿಕೊಂಡಳು. ಚಹಾ ಕುಡಿದ ಕಪ್ಪುಗಳು, ಹಂಚಿಕೊಂಡ ನೀರಿನ ಕೊಡಗಳು ಎಲ್ಲದರ ಮೇಲೂ ಅವಳಿಗೆ ಒಮ್ಮೆಗೇ ಅನುಮಾನ ಬಂತು. ಗ್ಯಾಲರಿಯ ಚಾಪೆಯಿಂದ ಅವಳು ಬೇಗ ಏಳತೊಡಗಿದಳು. ಖಾಲಾಗೂ ಇದೇನೆಂದು ತಿಳಿಯದೆ ಮುಖ ಸಣ್ಣದಾಯಿತು. ಇಬ್ಬರ ನಡುವೆ ನನಗಂತೂ ಯಾರ ಮುಖ ನೋಡಬೇಕೆಂದು ಗೊತ್ತಾಗುತ್ತಿರಲಿಲ್ಲ.

ಅಷ್ಟರಲ್ಲಿ ಖಾಲಾನ ಗಂಡನಿಗೆ ಭಾಂಡುಪಿನ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಸಾಮಾನು ಕಟ್ಟತೊಡಗಿದರು. ಹೊರಡುವ ಹಿಂದಿನ ಸಂಜೆ ಅಮ್ಮ ಒಲೆ ಆರಿಸಿ, ನನ್ನ ಕೈ ಹಿಡಿದು ದಡಬಡ ಅವರ ಖೋಲಿಗೆ ಹೋದಳು.

"ಖೈರುನಕ್ಕ, ನೀವು ಹೋಗುವ ಮೊದಲು ಒಂದು ಹೇಳಿ ಹೋಗಿ. ನನ್ನ ಟವೆಲ್ ಯಾಕೆ ಹಾಕಿಲ್ಲ?"

ಖಾಲಾ ಟ್ರಂಕು ತೆರೆದರು. ಅವರ ಮದುವೆಯ ಸೀರೆಯ ಮಡಿಕೆಯೊಳಗೆ ನಮ್ಮ ಬೆಕ್ಕು ಕಣ್ಣು ಬಿಟ್ಟುಕೊಂಡು ಮಲಗಿತ್ತು.

"ಹೆಂಗ ಹೇಳ್ಲಿ ಭಾಬಿ? ಇರೂದು ಒಂದs ಖೋಲಿ. ಅಡಗಿನೂ ಇಲ್ಲೇ, ನಮಾಜೂ ಇಲ್ಲೇ. ಕಣ್ಣಿದ್ದ ಜೀವದ ಚಿತ್ರ ನಮಾಜ್ ಮಾಡೋ ಜಾಗಾದಾಗ ಇಡಬ್ಯಾಡಂತ ನಮ್ಮಜ್ಜಿ ಕಲಿಸ್ಯಾಳ. ಕಣ್ಣಿಲ್ಲಂದ್ರ ಅದು ಬರೇ ನೂಲಿನ ನಕ್ಷಿ. ನೀವು ಅಷ್ಟು ಹೌಸೀಲೆ, ಪ್ರೀತೀಲೆ ಕಣ್ಣು ಹಚ್ಚಿ ತಂದೀರಿ. ಬ್ಯಾಡ ಅನ್ನಾಕ ಬಾಯಿ ಬರಲಿಲ್ಲ."

ಅಮ್ಮ ಟ್ರಂಕಿನ ಪಕ್ಕ ಕೂತಳು. "ಅಲ್ಲ ಮಾರಾಯ್ತಿ, ಇಷ್ಟು ಹೇಳ್ಲಿಕ್ಕೆ ನಿಮಗೆ ಎಂಥ ಆಯ್ತು? ನಾನು ಏನೇನೋ ಗ್ರಹಿಸಿದೆ. ಕತ್ತರಿ ತನ್ನಿ, ಗುಂಡಿ ತೆಗೆದ್ರೆ ಆಯ್ತು."

ಕತ್ತರಿ ಬಂತು. ಅಮ್ಮ ಬೆಕ್ಕನ್ನು ತೊಡೆಯ ಮೇಲಿಟ್ಟುಕೊಂಡಳು. ಅದು ಅವಳನ್ನೇ ನೋಡಿತು. "ನನ್ನಿಂದ ಆಗುದಿಲ್ಲ" ಎಂದಳು. "ಕೊಟ್ಟ ಕಣ್ಣನ್ನು ಹೇಗೆ ಕೀಳುದು? ನೀವೇ ತೆಗೀರಿ."

"ನೀವು ಹಚ್ಚಿದ್ದು ನಾ ಕಿತ್ತರ ಕೈಗೆ ಪಾಪ ಹತ್ತತದ" ಎಂದರು ಖಾಲಾ.

ಇಡಲಾಗದವರು ಒಬ್ಬರು, ಕೀಳಲಾಗದವರು ಇಬ್ಬರೂ. ಕತ್ತರಿ ನೆಲದ ಮೇಲೆ ಬಿದ್ದಿತ್ತು. ಅಷ್ಟು ಹೊತ್ತು ಇಬ್ಬರು ದೊಡ್ಡವರು ಒಂದು ಟವೆಲು ನೋಡುತ್ತ ಕೂತದ್ದನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಕೊನೆಗೆ ಅಮ್ಮ ಎದ್ದು, ಚೌಕಳಿ ಬಟ್ಟೆ ತೆಗೆದು, ಬೆಕ್ಕಿನ ಮುಖವನ್ನು ಗೋಡೆಗೆ ತಿರುಗಿಸಿ ಟವೆಲನ್ನು ಮೊಳೆಗೆ ಹಾಕಿದಳು. ಈಚೆ ಬರೀ ಗಂಟು, ನೂಲಿನ ತುದಿ.

ಖಾಲಾ ಕತ್ತು ವಾರೆ ಮಾಡಿ ನೋಡಿದರು. "ಅದು ನಮಗ ಕಾಣೂದಿಲ್ಲ, ನಾವು ಅದಕ್ಕ ಕಾಣೂದಿಲ್ಲ. ನಡೀತದ ತಗೋರಿ" ಎಂದರು. ಮತ್ತೆ ಇಬ್ಬರೂ ನಕ್ಕರು, ನಗುತ್ತಲೇ ಅತ್ತರು. ಹಾಗೆ ಮಾಡಿದ್ದು ಅವರ ಅಜ್ಜಿಯ ಪ್ರಕಾರ ಸರಿಯೋ ತಪ್ಪೋ ನನಗೆ ಇವತ್ತಿಗೂ ಗೊತ್ತಿಲ್ಲ.

ಎಪ್ಪತ್ತರ ದಶಕದಲ್ಲಿ, ನನಗೆ ಲಂಗ ದಾವಣಿ ಬಂದ ಮೇಲೆ, ಒಂದು ಭಾನುವಾರ ಲೋಕಲ್ ಹಿಡಿದು ಭಾಂಡುಪಿಗೆ ಹೋದೆವು. ಅಮ್ಮ ಒಳಗೆ ಕಾಲಿಟ್ಟವಳೇ ಅಡುಗೆಯ ಕಡೆ ನೋಡಿದಳು. ಟವೆಲು ಮೊಳೆಯಲ್ಲಿತ್ತು, ಬೆನ್ನು ಈಚೆಗೆ. ಅರಶಿನದ ಬೆರಳಚ್ಚು, ಚಹಾದ ಕಲೆ, ಎಣ್ಣೆಯ ಜಿಡ್ಡು ಹತ್ತಿ ಅದರ ಬಿಳಿ ಬಣ್ಣವೇ ಹೋಗಿತ್ತು. ಖಾಲಾ ನಾಚಿಕೊಂಡು, "ಭಾಳ ಹೊಲಸಾಗೇದ್ರಿ, ದಿನಾ ಕೈ ಒರಸಿ ಒರಸಿ" ಎಂದರು. ಅಮ್ಮ ಕೈ ತೊಳೆದುಕೊಂಡು ಹೋಗಿ, ಆ ಕೊಳಕು ಟವೆಲಿಗೇ ನಿಧಾನವಾಗಿ ಒಂದೊಂದು ಬೆರಳನ್ನೂ ಒರೆಸಿಕೊಂಡಳು. ವಾಪಸು ಬರುವಾಗ ಟ್ರೇನಿನಲ್ಲಿ ನಿಂತೇ ಬಂದರೂ ದಾರಿಯುದ್ದಕ್ಕೂ ಅವಳ ಮುಖ ಅರಳಿತ್ತು.

ಈಗ ಅಮ್ಮ, ಖಾಲಾ ಇಬ್ಬರೂ ಇಲ್ಲ. ನಮ್ಮ ಬಿಲ್ಡಿಂಗಿನಲ್ಲಿ ಎಲ್ಲರೂ ಒಳ್ಳೆಯವರು; ದೀಪಾವಳಿಗೆ ಡಬ್ಬ ಬರುತ್ತದೆ, ಡಬ್ಬ ಹೋಗುತ್ತದೆ. ಪಕ್ಕದ ಮನೆಯಾಕೆ ಈ ಆರು ತಿಂಗಳಿಂದ ಯಾಕೋ ನನ್ನ ಜೊತೆ ಮೊದಲಿನ ಹಾಗೆ ಮಾತಾಡುತ್ತಿಲ್ಲ. ನಾನೇನು ಮಾಡಿದೆನೋ, ಅವರೇನು ಗ್ರಹಿಸಿದರೋ. ಮಗಳು, "ಬಿಡಮ್ಮ, ಇಗ್ನೋರ್ ಮಾಡು" ಎನ್ನುತ್ತಾಳೆ. ಇದನ್ನು ಬರೆಯುತ್ತ ಬರೆಯುತ್ತ ನನಗೆ, ನೇರ ಹೋಗಿ ಕೇಳಿಬಿಟ್ಟ ಅಮ್ಮನ ಮೇಲೆ ಹೊಟ್ಟೆಕಿಚ್ಚಾಯಿತು. ಒಲೆ ಆರಿಸಿ ಬಂದಿದ್ದೇನೆ. ಚಪ್ಪಲಿ ಮೆಟ್ಟಿ ಪಕ್ಕದ ಮನೆಯ ಬಾಗಿಲ ಮುಂದೆ ನಿಂತಿದ್ದೇನೆ. ಏನೆಂದು ಕೇಳುವುದೋ ತಿಳಿಯದು, ಬೆಲ್ ಅಂತೂ ಒತ್ತಿಯಾಯಿತು.